ಏಳನೇ ಬಾಗಿಲ ಹಾಳೆಗಳು

ಸಾಣಿಗೆಯ ಅಂಚಿನಲ್ಲಿ ಮೂರನೇ ಹುಳ ಕಂಡಾಗ ತಾರಾಬಾಯಿ ಹಿಟ್ಟು ಸಾಣಿಸುವುದನ್ನು ನಿಲ್ಲಿಸಿದಳು.

ಹೀಗಾಗಬಾರದಿತ್ತು. ಗೋಧಿಯನ್ನು ಬಿಸಿಲಿಗೆ ಹರವಿದವಳು ಅವಳೇ, ಹಸನು ಮಾಡಿದವಳೂ ಅವಳೇ. ಗಿರಣಿಯಲ್ಲಿ ನಿಂತು ಬೀಸಿಸಿಕೊಂಡು ಬಂದದ್ದು ನಿನ್ನೆ ಸಂಜೆ. ಒಂದೇ ರಾತ್ರಿಯಲ್ಲಿ ಹಿಟ್ಟು ಹುಳ ಹಿಡಿಯುವುದಿಲ್ಲ.

ಕಾಗದದ ತುಂಡಿನ ಮೇಲೆ ಹುಳವನ್ನು ಹತ್ತಿಸಿಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಬುಡದ ನೆರಳಿಗೆ ಬಿಟ್ಟು ಬಂದಳು. ಮದುವೆಯಾಗಿ ಗೋಕಾಕದ ಈ ಮನೆಗೆ ಬಂದಂದಿನಿಂದ ತಪ್ಪದೆ ಮಾಡಿಕೊಂಡು ಬಂದ ಕೆಲಸ. ಜೈನರ ಮನೆಯ ಹೆಣ್ಣುಮಕ್ಕಳಿಗೆ ಹುಳ ಕಾಣುವ ಕಣ್ಣೇ ಬೇರೆ. ಅದು ಕೊಲ್ಲುವುದಕ್ಕೆ ಹುಡುಕುವ ಕಣ್ಣಲ್ಲ, ಉಳಿಸುವುದಕ್ಕೆ ಹುಡುಕುವ ಕಣ್ಣು.

ನಾಲ್ಕನೆಯದು ಗೋಡೆಯ ಮೇಲಿತ್ತು. ಹಿಟ್ಟಿನ ಪರಾತದ ಕಡೆಗೆ ನಿಧಾನವಾಗಿ ಇಳಿದು ಬರುತ್ತಿತ್ತು.

ತಾರಾಬಾಯಿ ಅದು ಬಂದ ದಾರಿಯನ್ನು ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ದಳು. ಹುಳಗಳು ಹೊರಟದ್ದು ಹಿಟ್ಟಿನಿಂದಲ್ಲ, ಮೇಲಿನ ಹಲಗೆಯಿಂದ. ಹಲಗೆಯ ಮೇಲೆ ನಿನ್ನೆ ರಾತ್ರಿ ಅವಳೇ ಇಟ್ಟ ನಾಲ್ಕು ಪುಸ್ತಕಗಳಿದ್ದವು.

ನಾಲ್ಕೂ ಒಂದೇ ಪುಸ್ತಕದ ಪ್ರತಿಗಳು. ‘ಏಳು ಬಾಗಿಲ ಕೋಟೆ’ ಎಂಬ ಆಟದ ಪುಸ್ತಕ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು, ಒಬ್ಬರು ಸೂತ್ರಧಾರಿಯಾಗಿ ಕೋಟೆಯ ಕಥೆ ಹೇಳುತ್ತ ಹೋಗಬೇಕು, ಇಕ್ಕಟ್ಟು ಬಂದಲ್ಲಿ ದಾಳ ಎಸೆಯಬೇಕು. ಒಂದೊಂದು ಬಾಗಿಲು ದಾಟಲು ಒಂದೊಂದು ವಾರ ಹಿಡಿದರೂ ಹಿಡಿಯಿತು. ಏಳನೇ ಬಾಗಿಲಿನ ಹಾಳೆಗಳಿಗೆ ಮಾತ್ರ ಕಾಗದದ ಪಟ್ಟಿ ಅಂಟಿಸಿ ಮುದ್ರೆ ಹಾಕಿರುತ್ತಿತ್ತು. ಆರು ಬಾಗಿಲು ದಾಟುವ ತನಕ ಅದನ್ನು ಸೂತ್ರಧಾರಿಯೂ ಒಡೆಯುವಂತಿಲ್ಲ.

ಗೋಕಾಕದ ಮಹಿಳಾ ವಾಚನಾಲಯದ ಒಂದು ಮೂಲೆಯಲ್ಲಿ ಕಪಾಟು ಇಟ್ಟುಕೊಂಡು ಈ ಪುಸ್ತಕ ಮಾರುವವಳು ದ್ರಾಕ್ಷಾಯಿಣಿ. ಮಳೆಗಾಲಕ್ಕೆ ಮೊದಲು ಕೊಂಡವರು ಅವಳನ್ನು ಹೊಗಳಿ ದಣಿಯಲಿಲ್ಲ. ಮಳೆಗಾಲದ ನಂತರ ಕೊಂಡವರಲ್ಲಿ ಮೂವರು ಮುದ್ರೆ ಒಡೆದು ನೋಡಿ ಪುಸ್ತಕವನ್ನು ಅವಳ ಮುಂದೆ ಎಸೆದು ಹೋಗಿದ್ದರು. ಏಳನೇ ಬಾಗಿಲು ಇರಬೇಕಾದಲ್ಲಿ ಕಬ್ಬಿನ ಬೆಳೆಗೆ ಗೊಬ್ಬರ ಹಾಕುವ ಕ್ರಮ ಇತ್ತು. ಯಾವುದೋ ಹಳೆಯ ಬೇಸಾಯದ ಪುಸ್ತಿಕೆಯ ಹಾಳೆಗಳು.

ಈ ಮಧ್ಯಾಹ್ನ ನಾಲ್ಕು ಗಂಟೆಗೆ ವಾಚನಾಲಯದ ಅಧ್ಯಕ್ಷರು ದ್ರಾಕ್ಷಾಯಿಣಿಯ ಕಪಾಟನ್ನು ಇಡಿಸಬೇಕೋ ತೆಗೆಸಬೇಕೋ ಎಂದು ತೀರ್ಮಾನಿಸುವವರಿದ್ದರು.

ತಾರಾಬಾಯಿ ಪುಸ್ತಕಗಳನ್ನು ಇಳಿಸಿ ಬಾಗಿಲ ಬೆಳಕಿಗೆ ಒಯ್ದಳು. ವಾಪಸಾದ ಮೂರರ ಬೆನ್ನಿನಲ್ಲೂ ಸಾಸಿವೆ ಗಾತ್ರದ ತೂತುಗಳು, ಕಂದು ಬಣ್ಣದ ಸಣ್ಣ ಹುಳಗಳ ಓಡಾಟ. ನಾಲ್ಕನೆಯದು ಹುಕ್ಕೇರಿಯ ಅಲ್ಲವ್ವನದು, ಹೋಲಿಸಿ ನೋಡಲು ಎರವಲು ತಂದದ್ದು, ಮುದ್ರೆ ಇನ್ನೂ ಒಡೆಯದ ಪ್ರತಿ. ಅದರ ಬೆನ್ನು ಗಾಜಿನಂತೆ ಗಟ್ಟಿ. ಅಚ್ಚಿನ ಮನೆಯ ಅಂಟಿಗೆ ಯಾವ ಹುಳವೂ ಬಾಯಿ ಹಾಕಿರಲಿಲ್ಲ.

ಅಂದರೆ ಮೂರು ಪುಸ್ತಕಗಳ ಹೊದಿಕೆಯನ್ನು ಯಾರೋ ಬಿಚ್ಚಿ, ಮುದ್ರೆ ಕೆಡದಂತೆ ಬೆನ್ನಿನ ಕಡೆಯಿಂದ ಹಾಳೆ ಬದಲಿಸಿ, ಮತ್ತೆ ಮನೆಯಲ್ಲಿ ಮಾಡಿದ ಅಂಟಿನಿಂದ ಅಂಟಿಸಿದ್ದರು.

ತಲೆಯ ಪಿನ್ನಿನಿಂದ ಒಂದರ ಬೆನ್ನನ್ನು ಮೆಲ್ಲಗೆ ಎಬ್ಬಿಸಿದಳು. ಒಣಗಿದ ಕಂದು ಅಂಟು, ಅದರ ತುಂಬ ಕೆಂಪು ಚೂರುಗಳು. ಒಂದು ಹನಿ ನೀರು ಹಾಕಿ ಬೆರಳಲ್ಲಿ ತಿಕ್ಕಿ ಮೂಸಿದಳು. ಚಿಕ್ಕವಳಿದ್ದಾಗ ಒಲೆಯ ಬೂದಿಯಲ್ಲಿ ಹುರಿದು ಮಧ್ಯಾಹ್ನವಿಡೀ ಜಗಿಯುತ್ತಿದ್ದ ಹುಣಸೆ ಬೀಜದ ವಾಸನೆ.

ಹುಣಸೆ ಬೀಜವನ್ನು ಅರೆದು ಗಂಜಿ ಕಾಯಿಸಿ ನೂಲಿಗೆ ಹಚ್ಚುವವರು ಈ ಸೀಮೆಯಲ್ಲಿ ಯಾರೆಂದು ಕೇಳಬೇಕಾಗಿಯೇ ಇಲ್ಲ. ಕಂಬಳಿ ನೇಯುವವರು. ಘೋಡಗೇರಿಯಲ್ಲಿರುವ ದ್ರಾಕ್ಷಾಯಿಣಿಯ ಅತ್ತೆಯ ಮನೆಯ ಪಡಸಾಲೆಯಲ್ಲಿ ಕಂಬಳಿ ಮಗ್ಗವಿದೆ.

*

“ಅಕ್ಕಾರ, ಬಾಗಲಾ ತಗದ ಐತಿ. ಒಳಗ ಬರ್ಲೇನ್ರಿ?”

ದ್ರಾಕ್ಷಾಯಿಣಿಯೇ. ನಿದ್ದೆಯಿಲ್ಲದ ಕಣ್ಣು, ಆದರೂ ತಲೆ ಬಾಚಿ ಹೊಸ ಸೀರೆ ಉಟ್ಟಿದ್ದಳು. ಗಂಡ ಕುರಿ ಹೊಡೆದುಕೊಂಡು ಊರೂರು ತಿರುಗುವವನು, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಎಂಟನೆಯ ಇಯತ್ತೆ ಓದಿದ ಈ ಹೆಣ್ಣು ಅತ್ತೆಯೊಡನೆ ಜಗಳವಾಡಿ, ಗೋಕಾಕಕ್ಕೆ ಬಂದು ಒಂದು ಕೋಣೆ ಹಿಡಿದು, ಪುಸ್ತಕದ ಕಪಾಟು ಇಟ್ಟಿದ್ದಳು. ಕಪಾಟು ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಘೋಡಗೇರಿಯ ಪಡಸಾಲೆಗೆ ತಲೆ ತಗ್ಗಿಸಿ ಹಿಂದಿರುಗಬೇಕು.

“ಬಾ. ಕುಂಡ್ರು. ನಿಮ್ಮ ಅತ್ತಿಯವರ ಮನ್ಯಾಗ ಮಗ್ಗ ಇನ್ನೂ ನಡೀತೈತೇನು?”

“ನಡೀತೈತ್ರಿ. ಯಾಕ?”

ತಾರಾಬಾಯಿ ಎಬ್ಬಿಸಿದ ಬೆನ್ನನ್ನು ಅವಳ ಮುಂದೆ ಹಿಡಿದಳು. ದ್ರಾಕ್ಷಾಯಿಣಿ ಮೂಸಿ ನೋಡಿದಳು. ಪುಸ್ತಕದಿಂದ ಕೈ ಹಿಂದೆಳೆದುಕೊಂಡಳು.

“ನೀವೂ ಹಂಗ ಅಂತೀರೇನ್ರಿ?”

“ನಾ ಏನೂ ಅಂದಿಲ್ಲ. ಕೇಳಾಕತ್ತೇನಿ ಅಷ್ಟ.”

“ಕೇಳೂದಕ್ಕ, ಅನ್ನೂದಕ್ಕ ಬಾಳ ದೂರ ಇಲ್ರಿ ಅಕ್ಕಾರ.”

ಪ್ರತಿ ಆದಿತ್ಯವಾರ ಮಧ್ಯಾಹ್ನ ಇದೇ ಅಡುಗೆಮನೆಯ ಮುಂದೆ ದ್ರಾಕ್ಷಾಯಿಣಿ ಸೂತ್ರಧಾರಿಯಾಗುತ್ತಿದ್ದಳು, ತಾರಾಬಾಯಿ ಕೋಟೆಯ ದಳವಾಯಿಯಾಗುತ್ತಿದ್ದಳು. ಮೈದುನನ ಮುಂದೆ, ಮಾವನ ಮುಂದೆ ಸೆರಗು ಸರಿಮಾಡಿಕೊಂಡೇ ಅರ್ಧ ಆಯುಷ್ಯ ಕಳೆದವಳು ದಾಳ ಕೈಗೆ ಬಂದೊಡನೆ ಗೋಡೆ ಅದುರುವಂತೆ ಅಪ್ಪಣೆ ಕೊಡುತ್ತಿದ್ದಳು. ಅಂಥ ದನಿ ತನ್ನೊಳಗಿದೆ ಎಂದು ಆ ಪುಸ್ತಕ ಬರುವ ತನಕ ಅವಳಿಗೇ ತಿಳಿದಿರಲಿಲ್ಲ.

ದ್ರಾಕ್ಷಾಯಿಣಿ ಬೆರಳ ತುದಿಗೆ ಅಂಟಿದ ಕೆಂಪು ಚೂರನ್ನು ಬೆಳಕಿಗೆ ಹಿಡಿದಳು. ಇದ್ದಕ್ಕಿದ್ದಂತೆ ನಕ್ಕಳು.

“ಇದನ್ನ ನಮ್ಮ ಅತ್ತಿ ನೋಡಿದ್ರ ಮಾಡಿದವರ ಕೈ ಮುರೀತಾಳ್ರಿ.”

“ಯಾಕ?”

“ಸಿಪ್ಪಿ ನೋಡ್ರಿ, ಹಂಗ ಐತಿ. ನಾವು ಬೀಜಾ ಹುರೀತೇವಿ, ಕುಟ್ಟಿ ಕೆಂಪ ಸಿಪ್ಪಿ ಎಲ್ಲಾ ತಗೀತೇವಿ, ನೆನಿ ಇಡತೇವಿ, ಆಮ್ಯಾಲ ಅರಿಯೂದು. ಒಂದ ಚೂರ ಸಿಪ್ಪಿ ಉಳೀತಂದ್ರ ಬಿಳಿ ಉಣ್ಣಿಗೆ ಕಲಿ ಬಿತ್ತಂತನ. ನಾ ಮದಿವ್ಯಾದ ಹೊಸದಾಗಿ ಇಷ್ಟೀಟು ಸಿಪ್ಪಿ ಬಿಟ್ಟಿದ್ದಕ್ಕ ನಮ್ಮ ಅತ್ತಿ ಎಂಟ ದಿನ ನನ್ನ ಕೂಡ ಮಾತಾಡಿಲ್ಲ.” ಅವಳು ಚೂರನ್ನು ಒರೆಸಿಕೊಂಡಳು. “ಇದು ಮಗ್ಗದ ಮನಿ ಕೈ ಅಲ್ರಿ. ಮಗ್ಗದ ಮನಿ ಹೊಚ್ಚಲದಾಗ ನಿಂತ ನೋಡಿದವರ ಕೈ.”

ತಾರಾಬಾಯಿಯ ಎದೆಯ ಮೇಲಿನ ಕಲ್ಲು ಅರ್ಧ ಸರಿಯಿತು.

“ಹಂಗಾರ ಮೂಡಲಗಿ ದುರ್ಗಪ್ಪನ ಕೆಲಸ ಇರಬೇಕ್ರಿ,” ಎಂದಳು ದ್ರಾಕ್ಷಾಯಿಣಿ. “ಸುತ್ತಾ ಊರಾಗ ಪುಸ್ತಕಕ್ಕ ಬೈಂಡ ಹಾಕಾಂವ ಅಂವ ಒಬ್ಬನ.”

“ಹಾಳಿ ಬದಲಿ ಮಾಡೂದು ಬೈಂಡದವರ ಕೆಲಸಂತ ನಿನ್ನೆ ಅಲ್ಲಿಗೂ ಹೋಗಿ ಬಂದೆ.” ತಾರಾಬಾಯಿ ಚೀಲದಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಮೈಲುತುತ್ತ ಬೆರೆಸಿದ ತಿಳಿ ನೀಲಿ ಬಣ್ಣದ ಹಿಟ್ಟಿನ ಅಂಟು. “ಇದು ದುರ್ಗಪ್ಪನ ಅಂಟು. ಮೋರಚೂದ ಹಾಕತಾನ, ಹುಳ ಸಾಯಲಂತ. ವಾಚನಾಲಯದ ಹಳಿ ಪುಸ್ತಕಾ ಯಾವ್ದ ತಗದ್ರೂ ಬೆನ್ನಾಗ ನೀಲಿ ಗೆರಿ ಕಾಣತೈತಿ. ಒಂದಕ್ಕರೆ ಹುಳ ಹತ್ತೈತೇನು?”

“ಇಲ್ರಿ.”

“ಈ ಮೂರಕ್ಕ ನೋಡು, ಹುಳಾ ಸಂಸಾರ ಹೂಡ್ಯಾವು.”

“ಮಗ್ಗದವರಲ್ಲ, ಬೈಂಡದವನಲ್ಲ. ಮತ್ತ ಯಾರ್ರಿ?”

ಪುಸ್ತಕದ ಬೆನ್ನಿನಿಂದ ಹೊರಬಿದ್ದ ಒಂದು ಹುಳ ತಾರಾಬಾಯಿಯ ಅಂಗೈ ದಾಟುತ್ತಿತ್ತು. ಅವಳ ಇನ್ನೊಂದು ಕೈ ತಾನಾಗಿಯೇ ಕಾಗದದ ತುಂಡನ್ನು ಹುಡುಕುತ್ತಿತ್ತು.

ಆ ಕೈಯನ್ನು ನೋಡುತ್ತಿದ್ದಂತೆಯೇ ಅವಳಿಗೆ ಎಲ್ಲ ತಿಳಿಯಿತು.

ಪುಸ್ತಕಕ್ಕೆ ಅಂಟು ಕಲಸುವಾಗ ವಿಷ ಹಾಕದವನು ಯಾರು? ಹಾಕಬೇಕೆಂದು ತಿಳಿದಿದ್ದೂ ಕೈ ಬಾರದವನು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವ ಪುಸ್ತಕದ ಗಂಟನ್ನು ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿಸಿಕೊಂಡು, ತನ್ನ ಅಂಗಡಿಯಲ್ಲಿ ಇಟ್ಟುಕೊಂಡು, ಆಮೇಲೆ ದ್ರಾಕ್ಷಾಯಿಣಿಗೆ ತಲುಪಿಸುವವನು. ಘೋಡಗೇರಿಯ ಮನೆಯ ಹೊಸ್ತಿಲಲ್ಲೂ ಒಂದೆರಡು ಸಲ ನಿಂತು ಬಂದವನು. ಈ ಚಾತುರ್ಮಾಸದಲ್ಲಿ ಬಸದಿಗೆ ಹೋಗಿ, ತಿಳಿದೂ ತಿಳಿದೂ ಒಂದು ಜೀವವನ್ನೂ ಕೊಲ್ಲುವುದಿಲ್ಲವೆಂದು ಎಲ್ಲರೆದುರು ನೇಮ ಹಿಡಿದವನು.

ಬಾಹುಬಲಿ. ಅವಳ ಗಂಡನ ಬೆನ್ನಿಗೆ ಬಿದ್ದ ತಮ್ಮ. ಮದುವೆಯಾಗಿ ಬಂದ ವರ್ಷ ಅವಳೇ ಕೈಹಿಡಿದು ಸಾಲೆಗೆ ಕಳಿಸಿದ ಮೈದುನ.

“ನೀ ಮುಂದ ನಡಿ,” ಎಂದಳು ದ್ರಾಕ್ಷಾಯಿಣಿಗೆ. “ಹಿಟ್ಟ ಮುಚ್ಚಿಟ್ಟು ಬರ್ತೇನಿ.”

*

ವಾಚನಾಲಯಕ್ಕೆ ನಡೆದು ಹೋಗುವ ದಾರಿಯುದ್ದಕ್ಕೂ ತಾರಾಬಾಯಿ ತನ್ನ ಮಾತುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದಳು, ಅಕ್ಕಿಯಲ್ಲಿ ಹರಳು ನೋಡುವಂತೆ. ಸುಳ್ಳು ಆಡಬಾರದು. ಅವಳಿಗೂ ಒಂದು ನೇಮವಿತ್ತು. ಆದರೆ ನಿಜವನ್ನು ಎಲ್ಲಿಂದ ಶುರುಮಾಡಬೇಕು ಎಂಬುದು ಹೇಳುವವಳ ಕೈಯಲ್ಲೇ ಇರುತ್ತದೆ. ಅದನ್ನು ಅವಳಿಗೆ ಕಲಿಸಿದ್ದು ಆಟ.

ಗಂಡನಿಗೆ ಮೊದಲು ಹೇಳಬೇಕೇ ಎಂಬ ಯೋಚನೆಯೂ ಬಂತು. ಹೇಳಿದರೆ ಅವರು ಏನನ್ನುತ್ತಾರೆಂದು ಗೊತ್ತಿತ್ತು. ಮನೆಯ ಮಾತು ಮನೆಯಲ್ಲಿರಲಿ, ತಮ್ಮನನ್ನು ಕರೆದು ಬುದ್ಧಿ ಹೇಳೋಣ, ಕುರುಬರ ಹುಡುಗಿಗೆ ಬೇರೆ ಏನಾದರೂ ದಾರಿ ಮಾಡಿಕೊಡೋಣ. ತಾರಾಬಾಯಿ ಗಂಡ ಕೂರುವ ಅಂಗಡಿಯ ಬೀದಿಯನ್ನು ಬಿಟ್ಟು ಇನ್ನೊಂದು ಓಣಿಯಿಂದ ಹೋದಳು.

ಒಳಗೆ ಆಗಲೇ ಜನ ಸೇರಿದ್ದರು. ಮೇಜಿನ ಹಿಂದೆ ಅಧ್ಯಕ್ಷ ಗುರುಲಿಂಗಪ್ಪ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಕೂತಿದ್ದರು. ಬಲಗಡೆ ಮಯೂರಿ, ಮೂಡಲಗಿಯ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಮೋಸ ಹೋದ ಮೂವರಲ್ಲಿ ಒಬ್ಬಳು. ಎಡಗಡೆ ಹುಕ್ಕೇರಿಯಿಂದ ಬಸ್ಸು ಹಿಡಿದು ಬಂದ ಅಲ್ಲವ್ವ, ತನ್ನ ಪ್ರತಿಯನ್ನು ವಾಪಸು ಒಯ್ಯಲೆಂದೇ ಬಂದವಳು.

“ನನ್ನ ಪುಸ್ತಕಾ ತಂದಿಯಾ ತಾರವ್ವಾ? ನಾಕನೇ ಬಾಗಲದಾಗ ರಾಕ್ಷಸ ನಿಂತಾನ. ಸೊಸಿ ಅಂತಾಳ, ಅತ್ತಿ ನೀವ ಬರೂತನಾ ನಾ ಅವನ ಕೂಡ ಮಾತಾಡೂದಿಲ್ಲಾಂತ.”

“ತಂದೇನ್ರಿ ಅಲ್ಲವ್ವಾರ.”

“ಹೋದವಾರ ಒಬ್ಬನ್ನ ಕಬ್ಬಿನ ಗಾಣದಾಗ ಕೆಡವಿದೆ,” ಎಂದು ಅಲ್ಲವ್ವ ಗುರುಲಿಂಗಪ್ಪನವರ ಕಡೆಗೆ ತಿರುಗಿದಳು. “ನನ್ನ ಜೀವಮಾನದಾಗ ಇಂಥಾ ಚಲೋ ಪುಸ್ತಕಾ ನಾ ತಗೊಂಡಿಲ್ಲ ನೋಡ್ರಿ. ಓದಾಕ ಬರೂದಿಲ್ಲ, ಆ ಮಾತ ಬ್ಯಾರೆ. ಸೊಸಿ ಓದತಾಳ, ನಾ ಹೊಡೀತೇನಿ.”

ಮಯೂರಿಗೆ ನಗು ಬರಲಿಲ್ಲ. “ನಿಮಗ ಚಲೋದು ಸಿಕ್ಕೈತಿ ಅಜ್ಜಿ. ನಾವು ಆರ ಮಂದಿ ಮ್ಯಾಡಮ್‌ಗೋಳು ತಿಂಗಳಗಟ್ಟಲೆ ಆಡೇವಿ. ಆರು ಬಾಗಲಾ ದಾಟೇವಿ. ಮುದ್ರಿ ಒಡಿಯೂ ದಿನ ಒಬ್ಬಾಕಿ ಪೂರಣದ ಹೋಳಿಗಿ ಮಾಡ್ಕೊಂಡ ಬಂದಿದ್ಲು. ಒಡದ ನೋಡಿದ್ರ ಕಬ್ಬಿಗೆ ಗೊಬ್ಬರಾ ಯಾವಾಗ ಹಾಕಬೇಕಂತ ಐತಿ. ಹೋಳಿಗಿ ಯಾರೂ ಮುಟ್ಟಲಿಲ್ಲ.”

ಕಪಾಟಿನ ಪಕ್ಕ ನಿಂತಿದ್ದ ದ್ರಾಕ್ಷಾಯಿಣಿ ನೆಲ ನೋಡಿದಳು.

ಗುರುಲಿಂಗಪ್ಪ ಗೋಡೆ ಬದಿಯ ಕುರ್ಚಿಯಲ್ಲಿದ್ದ ಬಾಹುಬಲಿಯ ಕಡೆಗೆ ತಿರುಗಿದರು. “ಬಾಹುಬಲಿಯವರ, ನೀವು ಏನ ಹೇಳತೀರಿ? ಮಾಲು ನಿಮ್ಮ ಕೈ ಮ್ಯಾಲಿಂದ ಬರತೈತಿ.”

ಬಾಹುಬಲಿ ಎದ್ದು ನಿಂತ. ಬಿಳಿ ಅಂಗಿ, ಹಣೆಯ ಮೇಲೆ ಬೆಳಗಿನ ಗಂಧ ಇನ್ನೂ ಅಳಿಸಿರಲಿಲ್ಲ. ಅತ್ತಿಗೆಯನ್ನು ಕಂಡು ತಲೆಬಾಗಿಸಿದ.

“ಹುಬ್ಬಳ್ಳಿಯಿಂದ ಬರೂ ಮುಂದ ಪುಸ್ತಕಾ ಪೂರ್ತಿ ಇದ್ದವ್ರಿ. ಗಂಟ ಬಂದಂಗ ನಾ ಕೊಟ್ಟೇನಿ. ಈ ಕಪಾಟಿಗೆ ಬಂದ ಮ್ಯಾಲ ಏನಾತೋ, ಹೆಣ್ಣಮಗಳ ಮ್ಯಾಲ ನಾ ಮಾತ ಹೊರಸೂದಿಲ್ಲ. ಆದ್ರ ಓದೂ ಮಂದಿಗೆ ಅನ್ಯಾಯ ಆಗಬಾರದು.” ಚೀಲದಿಂದ ತೆಳುವಾದ ಪುಸ್ತಿಕೆಗಳ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟ. “ಹುಬ್ಬಳ್ಳಿಗೆ ಹೇಳಿ ಏಳನೇ ಬಾಗಲಾ ಅಷ್ಟ ಬ್ಯಾರೆ ತರಿಸೇನ್ರಿ. ಬೇಕಾದವರು ನಮ್ಮ ಅಂಗಡ್ಯಾಗ ತಗೊಬಹುದು. ಈ ಮೂಲಿ ನನಗ ಕೊಟ್ರ ಇಲ್ಲೇ ಇಡತೇನಿ.”

ಗುರುಲಿಂಗಪ್ಪನವರ ಮುಖ ಹಗುರಾಯಿತು. ಯಾರ ಮೇಲೂ ಕೂಗಾಡದೆ ಕೆಲಸ ಮುಗಿಯುವುದೆಂದರೆ ಅವರಿಗೆ ಯಾವಾಗಲೂ ಇಷ್ಟ. “ಇದು ಚಲೋ ಆತು. ಹಂಗಾರ—”

“ಅಧ್ಯಕ್ಷರ, ಒಂದ ಮಾತ ಐತ್ರಿ.”

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ತಾರಾಬಾಯಿ. ಬಾಹುಬಲಿ ಎಲ್ಲರಿಗಿಂತ ಹೆಚ್ಚು ಬೆರಗಿನಿಂದ ನೋಡಿದ. ನಾಲ್ಕು ಜನರ ನಡುವೆ ಅತ್ತಿಗೆ ಬಾಯಿ ತೆರೆದದ್ದನ್ನು ಅವನು ಇದೇ ಮೊದಲು ಕಂಡದ್ದು.

ಅವಳು ವಾಪಸಾದ ಮೂರು ಪುಸ್ತಕಗಳನ್ನೂ ದುರ್ಗಪ್ಪನ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ಡಬ್ಬಿಯ ಮುಚ್ಚಳ ತೆಗೆದಳು. ನೀಲಿ ಅಂಟು ಬೆಳಕಿಗೆ ಹೊಳೆಯಿತು.

“ಈ ಮೂರು ಪುಸ್ತಕದ ಹೊದಿಕಿ ಬಿಚ್ಚಿ, ಹಾಳಿ ಬದಲಿ ಮಾಡಿ, ಮತ್ತ ಅಂಟಿಸ್ಯಾರ. ಅದು ಮಳಿಗಾಲದಾಗ ಆಗೈತಿ. ಇದು ಮೂಡಲಗಿ ಬೈಂಡದ ದುರ್ಗಪ್ಪನ ಅಂಟು. ಪುಸ್ತಕಾ ಅಂಟಸೂ ಮಂದಿ ಇದರಾಗ ಮೋರಚೂದ ಹಾಕತಾರ. ಒಂದ ಪುಸ್ತಕದ ಬೆನ್ನಾಗ ಎಷ್ಟ ಜೀವಾ ಸಾಯ್ತಾವು ಅನ್ನೂದು ಲೆಕ್ಕಕ್ಕ ಸಿಗೂದಿಲ್ಲ.”

“ಅದಕ್ಕೂ ಇದಕ್ಕೂ ಏನ ಸಂಬಂಧ್ರಿ ತಾರಾಬಾಯಾರ?”

“ನನಗ ಪುಸ್ತಕದ ಚಿಂತಿ ಅಲ್ರಿ, ಮಾಡಿದವರ ಚಿಂತಿ. ಚಾತುರ್ಮಾಸದಾಗ, ಬಸದಿ ಗಂಟಿ ಕೇಳೂವಂಥಾ ಜಾಗಾದಾಗ ಕುಂತು ಯಾರರೆ ಇಂಥಾ ವಿಷಾ ಕಲಸಿದ್ರ, ಆ ಜೀವದ ಪಾಪಾ ಅವರು ಎಲ್ಲಿ ತೊಳಕೋಬೇಕು? ಕದ್ದ ಹಾಳಿ ಹೊಳ್ಳಿ ಕೊಡಬಹುದು. ಸತ್ತ ಜೀವಾ ಹೊಳ್ಳಿ ಕೊಡಾಕ ಬರತೈತೇನು?”

ಅವಳು ಬಾಹುಬಲಿಯ ಕಡೆಗೆ ನೋಡಲಿಲ್ಲ. ನೀಲಿ ಅಂಟನ್ನೇ ನೋಡುತ್ತಿದ್ದಳು.

“ಒಬ್ಬಿಬ್ಬರ ಪಾಪ ಅಲ್ಲ ಅದು,” ಎಂದು ಮೆಲ್ಲಗೆ ಸೇರಿಸಿದಳು. “ಮುಂದಿನ ಪರ್ವಕ್ಕ ಅಂಥಾವರು ಬಸದಿ ಪಾವಟಿಗಿ ಏರತಾರಂದ್ರ ನಾ ಅಂತೂ—”

“ವೈನಿ, ಒಂದ ಜೀವಾನೂ ಸತ್ತಿಲ್ಲ.”

ಮಾತು ಹೊರಗೆ ಬಿದ್ದಿತ್ತು. ಬಾಹುಬಲಿಯ ಕಿವಿ ಕೆಂಪಾಗಿದ್ದವು. ಕಳ್ಳನೆಂದು ಕರೆದಿದ್ದರೆ ಅವನು ನಗುತ್ತ ಕೂತಿರುತ್ತಿದ್ದನೋ ಏನೋ. ಜೀವ ಕೊಂದವನೆಂಬ ಮಾತನ್ನು, ಅದೂ ಹೆಸರಿಡದ ಮಾತನ್ನು, ಅವನಿಂದ ಸಹಿಸಲಾಗಲಿಲ್ಲ.

“ಹೆಂಗ ಗೊತ್ತ?” ತಾರಾಬಾಯಿ ಈಗ ಕತ್ತೆತ್ತಿದಳು.

“ಅದರಾಗ ಮೋರಚೂದ ಇಲ್ಲ. ಅದು ಬರೇ ಹುಣಸಿ ಬೀಜದ—”

ಅಲ್ಲಿಗೆ ನಿಂತ.

ಹೊರಗೆ ಬಸ್ಸೊಂದು ಹಾರ್ನು ಬಾರಿಸುತ್ತ ಹೋಯಿತು.

“ಹುಣಸಿ ಬೀಜದ ಮಾತ ಇಲ್ಲಿ ಯಾರು ಎತ್ತಿದ್ರು?” ತಾರಾಬಾಯಿಯ ದನಿ ಏರಿರಲಿಲ್ಲ, ಆದರೆ ಅದು ಅಡುಗೆಮನೆಯ ದನಿಯೂ ಆಗಿರಲಿಲ್ಲ. “ನಾ ಎತ್ತಿಲ್ಲ. ಅಧ್ಯಕ್ಷರ, ನೀವು ಎತ್ತಿದ್ರೇನು? ಮಯೂರಿ, ನೀ?”

“ಇಲ್ಲ ಕಾಕೂ.”

“ಪುಸ್ತಕದ ಬೆನ್ನಾಗ ಏನ ಐತಿ ಅನ್ನೂದು ಇವತ್ತ ಮುಂಜಾನಿತನಾ ನನಗೂ ಗೊತ್ತಿರಲಿಲ್ಲ. ನಿನಗ ಮಳಿಗಾಲದಿಂದ ಗೊತ್ತೈತಿ.”

ಬಾಹುಬಲಿ ಗೋಡೆಗೆ ಹತ್ತಿಸಿದ್ದ ಕುರ್ಚಿಯಲ್ಲಿ ಕೂತುಬಿಟ್ಟ.

“ಘೋಡಗೇರಿ ಮನ್ಯಾಗ ಗಂಜಿ ಕಾಸೂದು ನೋಡಿದ್ದಿ. ಯಾವತ್ತರೆ ಸಿಕ್ಕ ಬಿದ್ರ ಬಟ್ಟ ಆಕಿ ಕಡೆ ತೋರಸ್ತೈತಿ ಅಂತ ಅದನ್ನ ಹಚ್ಚಿದಿ. ಸಿಪ್ಪಿ ತಗಿಯೂದು ನಿನಗ ಗೊತ್ತಿಲ್ಲ. ಮೋರಚೂದ ಹಾಕಾಕ ನಿನ್ನ ನೇಮ ಬಿಡಲಿಲ್ಲ. ನಿನ್ನ ನೇಮ ಖರೆ ಐತಿ ಬಾಹುಬಲಿ, ನಾ ಇಲ್ಲಾ ಅನ್ನೂದಿಲ್ಲ. ಸಣ್ಣ ಹುಳದ ಸಲುವಾಗಿ ಅಷ್ಟ ಕನಿಕರ ಇದ್ದಾಂವಗ, ಈಕಿ ಕಣ್ಣಿಗೆ ಬೀಳಲಿಲ್ಲೇನು?”

ದ್ರಾಕ್ಷಾಯಿಣಿಯ ಕಡೆಗೆ ಕೈ ತೋರಿಸಿದಳು.

ಮಯೂರಿ ಆಗಲೇ ಎದ್ದಿದ್ದಳು. ಮೇಜಿನ ಮೇಲಿನ ತೆಳು ಪುಸ್ತಿಕೆಯನ್ನು ತನ್ನ ಹಾಳಾದ ಪ್ರತಿಯ ಪಕ್ಕದಲ್ಲಿ ಹಿಡಿದು, ಹೊಲಿಗೆಯ ತೂತುಗಳನ್ನು ಒಂದರ ಮೇಲೊಂದು ಕೂಡಿಸಿ ನೋಡಿದಳು. ತೂತಿಗೆ ತೂತು ಸರಿಯಾಗಿ ಕೂತಿತು.

“ನಮ್ಮ ಪುಸ್ತಕದ ಹಾಳೀನ ಕೊಯ್ದು ನಮಗ ಮಾರಾಕ ಬಂದಾರ ಅಧ್ಯಕ್ಷರ,” ಎಂದಳು.

“ಏಳನೇ ಬಾಗಲಾ ಅಂತ,” ಅಲ್ಲವ್ವ ಬಾಹುಬಲಿಯನ್ನು ಮೇಲಿಂದ ಕೆಳಗೆ ಅಳೆದಳು. “ನಾ ಊರಾಗ ಸುಳ್ಳೇ ರಾಕ್ಷಸರನ್ನ ಹುಡುಕ್ಕೋಂತ ಕುಂತಿದ್ದೆ ನೋಡು.”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಗುರುಲಿಂಗಪ್ಪನವರೂ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ನಗುವನ್ನು ಮರೆಮಾಡಿದರು. ತೀರ್ಮಾನ ಹೇಳುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದ್ರಾಕ್ಷಾಯಿಣಿಯ ಕಪಾಟು ಇದ್ದಲ್ಲೇ ಇರುತ್ತದೆ. ಇಷ್ಟು ದಿನ ಮೂಲೆಯಲ್ಲಿದ್ದದ್ದು ನಾಳೆಯಿಂದ ಬಾಗಿಲ ಎದುರಿಗೆ ಬರುತ್ತದೆ. ಪುಸ್ತಕದ ಗಂಟನ್ನು ಇನ್ನು ಮುಂದೆ ಅವಳೇ ಸ್ಟೇಶನ್ನಿಗೆ ಹೋಗಿ ಇಳಿಸಿಕೊಳ್ಳುತ್ತಾಳೆ. ಮೂವರ ಹಾಳೆಗಳನ್ನು ಬಾಹುಬಲಿ ಇಲ್ಲೇ, ಈಗಲೇ ಬಿಟ್ಟು ಹೋಗಬೇಕು.

ಅವನು ಹೋಗುವಾಗ ಅತ್ತಿಗೆಯ ಮುಂದೆ ಒಂದು ಗಳಿಗೆ ನಿಂತ. “ಅಣ್ಣಾಗ ಹೇಳತೀರೇನು ವೈನಿ?”

“ನೀನ ಹೇಳು. ನಾ ಹೇಳೂಕಿಂತ ಮೊದಲ ಹೇಳು.”

ದಳವಾಯಿಯ ದನಿ ಆಟದ ಹೊರಗೂ ನಡೆಯುತ್ತದೆ ಎಂದು ತಾರಾಬಾಯಿಗೆ ತಿಳಿದ ದಿನ ಇದು. ದ್ರಾಕ್ಷಾಯಿಣಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಕಪಾಟಿನ ಕಡೆಗೆ ಓಡಿ ಪುಸ್ತಕಗಳನ್ನು ಜೋಡಿಸತೊಡಗಿದಳು.

*

“ಮಯೂರಿ ಬಾಯಿ, ಓದ್ರಿ ಅದನ್ನ,” ಎಂದಳು ಅಲ್ಲವ್ವ. “ಇಷ್ಟ ರಗಳಿಗೆ ಕಾರಣ ಆದ ಬಾಗಲಾ. ಒಳಗ ಏನ ಐತಿ ನೋಡೋಣು.”

“ನಿಮ್ಮದ ಇನ್ನೂ ನಾಕನೇ ಬಾಗಲಾ ಅಜ್ಜಿ. ಮುಂದಿಂದು ಕೇಳಬಾರದು.”

“ನನ್ನ ವಯಸ್ಸಿಗೆ ನಾಕು, ಏಳು ಎಲ್ಲಾ ಒಂದ. ಓದು.”

ತಾರಾಬಾಯಿಗೂ ಕೇಳಬಾರದಿತ್ತು. ಅವರ ಆಟ ಐದನೇ ಬಾಗಿಲಲ್ಲಿತ್ತು. ಆದರೆ ಗೆದ್ದ ಮಧ್ಯಾಹ್ನ ಯಾರಿಗೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಅವಳು ಕಿಟಕಿಯ ಕಟ್ಟೆಗೆ ಒರಗಿದಳು. ಹೆಂಗಸರು ಕುರ್ಚಿಗಳನ್ನು ಎಳೆದುಕೊಂಡರು. ಮಯೂರಿ ಪುಟ ಬಿಡಿಸಿ, ತರಗತಿಯಲ್ಲಿ ಓದುವ ದನಿಯಲ್ಲಿ ಶುರುಮಾಡಿದಳು.

“ಏಳನೇ ಬಾಗಿಲಿಗೆ ಬೀಗವಿಲ್ಲ. ಒಳಗೆ ರಾಣಿಯೊಬ್ಬಳು ಮುಚ್ಚಿದ ತಟ್ಟೆಯ ಮುಂದೆ ಕೂತಿದ್ದಾಳೆ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವಂತಿಲ್ಲ. ರಾಜ ಉಣ್ಣುವ ಮೊದಲೂ ಉಣ್ಣುವಂತಿಲ್ಲ. ರಾಜ ಬರುವುದು ಹೊತ್ತು ಮುಳುಗಿದ ಮೇಲೆ.”

ಮಯೂರಿ ಪುಟ ಹೊರಳಿಸಿದಳು.

“ಆಟಗಾರರೇ, ಇಲ್ಲಿ ಕತ್ತಿ ನಡೆಯುವುದಿಲ್ಲ, ದಾಳ ಉರುಳುವುದಿಲ್ಲ. ನಿಮ್ಮಲ್ಲಿ ಒಬ್ಬರು ಅವಳ ಹತ್ತಿರ ಕೂತು, ನಿನಗೆ ಹಸಿವಾಗಿದೆಯೇ ಎಂದು ಕೇಳಬೇಕು. ಆ ಕೋಟೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಕೇಳಿದರೆ ಅವಳು ಸೆರಗಿನ ಗಂಟು ಬಿಚ್ಚುತ್ತಾಳೆ. ದನದ ಕೊಟ್ಟಿಗೆಯ ಕತ್ತಲಲ್ಲಿ ಕದ್ದು ತಿನ್ನಲೆಂದು ಬಚ್ಚಿಟ್ಟ ಬೆಲ್ಲದ ತುಣುಕನ್ನು ಮುರಿದು, ಅರ್ಧವನ್ನು ನಿಮ್ಮ ಕೈಯಲ್ಲಿಡುತ್ತಾಳೆ. ಅದೇ ಕೋಟೆಯ ಕೀಲಿಕೈ.”

ಅಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರದಾಕಿ ಹೆಣ್ಣಮಗಳ ಇರಬೇಕವಾ. ನಮ್ಮ ಮನಿ ಕೊಟ್ಟಿಗ್ಯಾಗ ನಿಂತು ನೋಡಿದಂಗ ಬರದಾಳ.”

“ಇದೊಂದ ಸಲುವಾಗಿ ಪುಸ್ತಕಾ ತಗೊಂಡದ್ದು ಸಾರ್ಥಕ ಆತು,” ಎಂದಳು ಮಯೂರಿ. ಹೆಂಗಸರೆಲ್ಲ ಒಮ್ಮೆಗೇ ಮಾತಾಡತೊಡಗಿದರು, ತಂತಮ್ಮ ಹೊಸ ಸೊಸೆತನದ ಹಸಿವುಗಳ ಬಗ್ಗೆ.

ತಾರಾಬಾಯಿ ಕಿಟಕಿಯ ಕಂಬಿಯನ್ನು ಹಿಡಿದುಕೊಂಡೇ ನಿಂತಿದ್ದಳು.

ಆ ಬೆಲ್ಲ ಅವಳದು. ಆ ಕೊಟ್ಟಿಗೆ, ಆ ಗಂಟು, ಮದುವೆಯಾದ ಮೊದಲ ವರ್ಷದ ಆ ರಾತ್ರಿಗಳು ಎಲ್ಲವೂ ಅವಳವು. ತಾಯಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ದ್ರಾಕ್ಷಾಯಿಣಿ ಹೊಟ್ಟೆಯಲ್ಲಿನ ಕೂಸನ್ನು ಕಳೆದುಕೊಂಡು ಅನ್ನ ಬಿಟ್ಟು ಮಲಗಿದ್ದಾಗ, ಒಂದು ತುತ್ತಾದರೂ ಉಣ್ಣಲಿ ಎಂದು, ರಾಣಿಯ ಕಥೆ ಮಾಡಿ ಹೇಳಿದ್ದಳು. ಒಂದೇ ಸಲ, ಒಬ್ಬಳಿಗೇ. ಬೆಲ್ಲವನ್ನು ಮುರಿದು ಅರ್ಧ ಅವಳ ಕೈಯಲ್ಲಿ ಇಟ್ಟಿದ್ದಳು ಕೂಡ.

ಇಲ್ಲಿ ಅದು ಅಚ್ಚಾಗಿತ್ತು. ಅವಳು ಹೇಳಿದ ಮಾತಿನಲ್ಲೇ.

ನೋಯಬೇಕಿತ್ತು, ನೋಯುತ್ತಲೂ ಇತ್ತು. ಆದರೆ ನೋವಿನ ಅಡಿಯಲ್ಲಿ ಇನ್ನೊಂದು ಎದ್ದು ಬರುತ್ತಿತ್ತು, ಅದನ್ನು ಅದುಮಲು ಅವಳಿಗೆ ಮನಸ್ಸಾಗಲಿಲ್ಲ. ಮುಚ್ಚಿಟ್ಟ ನಾಚಿಕೆಯೊಂದು ಕೋಣೆ ತುಂಬ ಹೆಂಗಸರ ಬಾಯಿ ಬಿಡಿಸಿತ್ತು. ತನ್ನ ಮಾತಿಗೆ ಇಷ್ಟು ಶಕ್ತಿಯಿದೆಯೇ?

ಅವಳು ಕಪಾಟಿನ ಕಡೆಗೆ ನೋಡಿದಳು. ಪುಸ್ತಕ ಜೋಡಿಸುತ್ತಿದ್ದ ದ್ರಾಕ್ಷಾಯಿಣಿಯ ಕೈ ನಿಂತಿತ್ತು. ಬೆನ್ನು ಇತ್ತ ಇತ್ತು, ಮುಖ ಕಾಣಲಿಲ್ಲ. ತನ್ನಂತೆಯೇ ಅವಳೂ ಈ ಹಾಳೆಗಳನ್ನು ಮೊದಲ ಸಲ ಕೇಳಿ ಬೆಚ್ಚಿದಳೋ, ಇಂದಲ್ಲ ನಾಳೆ ಇದು ಹೊರಬೀಳುತ್ತದೆಂದು ಕಾಯುತ್ತಿದ್ದಳೋ? ಅವಳು ಹೇಳದೆ ಇನ್ನಾರು ಹೇಳಿದರು? ಅವಳು ಹೇಳಿದ್ದರೆ, ಯಾರಿಗೆ?

ಪುಸ್ತಕದ ಮೇಲೆ ಬರೆದವರ ಹೆಸರಿರಲಿಲ್ಲ. ಒಳಪುಟದ ಕೆಳಗೆ ಹುಬ್ಬಳ್ಳಿಯ ಒಂದು ಅಚ್ಚಿನ ಮನೆಯ ಬೀದಿಯ ಹೆಸರು ಮಾತ್ರ ಇತ್ತು. ತಾರಾಬಾಯಿ ಅದನ್ನು ಒಂದೇ ಸಲ ಓದಿದಳು. ಎರಡನೇ ಸಲ ಓದುವ ಅಗತ್ಯ ಬೀಳಲಿಲ್ಲ.

“ಅಕ್ಕಾರ.” ದ್ರಾಕ್ಷಾಯಿಣಿ ತಿರುಗಿದ್ದಳು. ಕಣ್ಣು ಒದ್ದೆಯಿತ್ತು. ಇವತ್ತು ಯಾರ ಕಣ್ಣು ಒದ್ದೆಯಿರಲಿಲ್ಲ? “ಆದಿತ್ಯವಾರ ಬರ್ತೀರಲ್ರಿ? ಐದನೇ ಬಾಗಲಾ ದಾಟಬೇಕ.”

“ಬರ್ತೇನಿ. ದಳವಾಯಿ ಇಲ್ಲದ ನೀ ಹೆಂಗ ದಾಟಸ್ತಿ?”

ನಕ್ಕಳು. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. ಆದಿತ್ಯವಾರಕ್ಕೆ ಮೊದಲು ಗುರುವಾರ ಬರುತ್ತದೆ. ಗುರುವಾರ ಬೆಳಿಗ್ಗೆ ಘಟಪ್ರಭಾದಿಂದ ಹುಬ್ಬಳ್ಳಿಯ ಕಡೆಗೆ ಹೊರಡುವ ಮೊದಲ ರೈಲಿನಲ್ಲಿ, ಬರೆದವರ ಹೆಸರು ಕೇಳಲು, ತಾನು ಒಬ್ಬಳೇ ಕೂತಿರುತ್ತೇನೆ ಎಂಬುದನ್ನು ಅವಳು ಓಣಿಯ ತಿರುವಿಗೆ ಬರುವಷ್ಟರಲ್ಲಿ ನಿಶ್ಚಯ ಮಾಡಿಯಾಗಿತ್ತು. ಮನೆಗೆ ಹೋಗಿ ಹಿಟ್ಟಿನ ಮುಚ್ಚಳ ತೆಗೆದಳು, ನಾದಿದಳು, ಚಪಾತಿ ಲಟ್ಟಿಸಿದಳು. ವಾಚನಾಲಯದಲ್ಲಿ ಏನಾಯಿತೆಂದು ಗಂಡ ಕೇಳಿದಾಗ, ದ್ರಾಕ್ಷಾಯಿಣಿಯ ಕಪಾಟು ಉಳಿಯಿತು ಎಂದಷ್ಟೇ ಹೇಳಿದಳು.